ನಡುವಿನಿಂದ ಹೊಡಿ ಮಾರಾಯ

ಕಾವೂರು ಕೆರೆಯ ಹತ್ತಿರ ಜೀನಸು ಅಂಗಡಿ ಇಟ್ಟಿದ್ದ ಕಾಕಾ, ನಾನು ಸಾಬೂನು ಕೇಳಿದರೆ ಅದನ್ನು ಕೈಗೆ ಕೊಟ್ಟವರೇ ಅಲ್ಲ. ಎಡ ಅಂಗೈಯಲ್ಲಿಟ್ಟು ಬಲಮುಷ್ಟಿಯಿಂದ ನನ್ನತ್ತ ಗುದ್ದಿ ಹಾರಿಸುತ್ತಿದ್ದರು, ನಾನು ಹಿಡಿಯಬೇಕು. ಗಲ್ಫಿನಲ್ಲಿ ಆಸ್ಟ್ರೇಲಿಯಾದವರ ಜೊತೆ ಕೆಲಸ ಮಾಡುವಾಗ ಅವರ ಫುಟ್‌ಬಾಲಿನ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಆ ಆಟದಲ್ಲಿ ಚೆಂಡನ್ನು ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವೇ ಹೀಗೆ ಗುದ್ದಬೇಕು.

ಶನಿವಾರ ಬೆಳಿಗ್ಗೆ ತಕ್ಕಡಿಗೆ ಮೊಬೈಲು ಒರಗಿಸಿ ಇಬ್ಬರೂ ಮ್ಯಾಚು ನೋಡುತ್ತಿದ್ದೆವು. ಜಗಳ ಯಾವಾಗಲೂ ಒಂದೇ. ನಮ್ಮ ಮೆಚ್ಚಿನ ತಂಡ ಅಂಕದಲ್ಲಿ ಮುಂದಿರುವಾಗ ಚೆಂಡನ್ನು ಕಳೆದುಕೊಳ್ಳದಂತೆ ಮೈದಾನದ ಅಂಚಿನಲ್ಲೇ ನಿಧಾನವಾಗಿ ಸಾಗಿಸಬೇಕೆಂದು ನಾನು.

"ನಡುವಿನಿಂದ ಹೊಡಿ ಮಾರಾಯ! ಬದಿಯಲ್ಲಿ ಎಂತ ಉಂಟು?" ಎಂದು ಅವರು.

ಒಮ್ಮೆ ನಮ್ಮ ತಂಡ ಕೂದಲೆಳೆಯಷ್ಟು ಮುಂದಿತ್ತು, ಆಟ ಮುಗಿಯುತ್ತ ಬಂದಿತ್ತು. ಆಗಲೇ ಕಣ್ಣು ಮಂಜಾದ ಅಜ್ಜಿಯೊಬ್ಬರು ಮೊಟ್ಟೆಗೆ ಬಂದರು. ಕಾಕಾ ಮ್ಯಾಚು ಬಿಟ್ಟು ಎದ್ದರು. ಅಂಗಡಿಯ ನಡುವೆ ನೀರುಳ್ಳಿ ಚೀಲಗಳಿದ್ದವು. ಮೊಟ್ಟೆಗಳನ್ನು ಕೈಯಲ್ಲಿ ಹಿಡಿದು ಗೋಡೆಯ ಬದಿಯಿಂದ ಸುತ್ತಿ ಹೋಗಿ, ಒಂದೊಂದಾಗಿ ಅಜ್ಜಿಯ ಚೀಲದಲ್ಲಿಟ್ಟು, "ಮೆಲ್ಲ ಅಜ್ಜಿ, ಮೆಲ್ಲ" ಎನ್ನುತ್ತ ಮೆಟ್ಟಿಲು ಇಳಿಸಿದರು.

ಅವರು ಬಾಗಿಲಿಗೆ ಮರಳುವಷ್ಟರಲ್ಲಿ ನಾವು ಸೋತಿದ್ದೆವು.

"ನಮ್ಮವರು ನಡುವಿನಿಂದ ಹೊಡೆದು ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟರು, ಕಾಕಾ," ಎಂದೆ. "ನೀವು ಮಾತ್ರ ಬದಿಯಿಂದಲೇ ಹೋದಿರಿ."

"ಕೈಯಲ್ಲಿ ಮೊಟ್ಟೆ ಇತ್ತಲ್ಲ ಮಾರಾಯ!" ಎಂದರು. ನಾನು ಗೆದ್ದೆನೆಂದು ನಗುವ ಮೊದಲೇ, ಬಾಗಿಲ ಬಳಿಯ ಕಪಾಟಿನಿಂದ ಒಂದು ಸಾಬೂನು ತೆಗೆದು, ನೀರುಳ್ಳಿ ಚೀಲಗಳ ಮೇಲಿಂದ, ನೇರ ನಡುವಿನಿಂದ, ನನ್ನ ಎದೆಗೆ ಬರುವಂತೆ ಗುದ್ದಿದರು.