ಎರಡು ಬೈಟಿನ ಉತ್ತರ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇವತ್ತಿಗೂ ಸಿ ಭಾಷೆ ಕಲಿಸುವುದು ನೀಲಿ ಪರದೆಯ ಓಬೀರಾಯನ ಕಾಲದ ಕಂಪೈಲರ್‌ನಲ್ಲಿ, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್‌ನಲ್ಲಿ. ಹೊಸ ಕಂಪ್ಯೂಟರಿನಲ್ಲಿ ಅದು ತಾನಾಗಿ ಓಡುವುದಿಲ್ಲ. ಹಳೆಯ ಯಂತ್ರದಂತೆ ನಟಿಸುವ ಇನ್ನೊಂದು ಸಾಫ್ಟ್‌ವೇರ್ ಹಾಕಿ, ಅದರೊಳಗೆ ಇದನ್ನು ಕೂರಿಸಿದ್ದೇವೆ. ಯಂತ್ರದಲ್ಲಿ ಎಂಟು ಜಿಬಿ ಮೆಮೊರಿ ಇದ್ದರೂ ಅದಕ್ಕೆ ಕಾಣುವುದು ಒಂದು ಮೂಲೆ ಮಾತ್ರ. ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಪಾಯಿಂಟರ್‌ಗೆ ಅದು ಕೊಡುವುದು ಎರಡೇ ಬೈಟ್ ಜಾಗ. ಪಠ್ಯಪುಸ್ತಕವೂ ಎರಡು ಎನ್ನುತ್ತದೆ.

ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ತಂದು, ಒಂದೇ ಪ್ರೋಗ್ರಾಮನ್ನು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡಿಸಿ ತೋರಿಸಿದೆ. ಪಾಯಿಂಟರ್ ಎರಡು ಕಡೆಯೂ ಎಂಟು ಬೈಟ್. ಲಾಂಗ್ ಎಂಬ ಬಗೆಯ ಸಂಖ್ಯೆ ಮಾತ್ರ ವಿಂಡೋಸ್‌ನಲ್ಲಿ ನಾಲ್ಕು, ಲಿನಕ್ಸ್‌ನಲ್ಲಿ ಎಂಟು.

"ಪುಸ್ತಕಾನ ನಂಬ್ಬೇಡ್ರಪ್ಪಾ, ಮೆಷಿನ್ನನ್ನೇ ಕೇಳಿ" ಅಂದೆ.

ಉಳಿದವರು ಗಡಿಯಾರ ನೋಡುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಆ ಮಾತನ್ನೂ ಬರೆದುಕೊಂಡಳು. ಹೆಬ್ಬಾಳದ ಕಾರ್ಖಾನೆಯೊಂದು ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಅವಳನ್ನು ಆರಿಸಿತ್ತು. ಎಲ್ಲ ವಿಷಯಗಳೂ ಪಾಸಾಗಿರಬೇಕು ಎಂಬುದೊಂದೇ ಷರತ್ತು.

ಪರೀಕ್ಷೆ ಮುಗಿದ ಮೇಲೆ ಮೌಲ್ಯಮಾಪನಕ್ಕೆ ನಾನೂ ಹೋಗಿದ್ದೆ. ಅಲ್ಲಿ ಉತ್ತರಪತ್ರಿಕೆಗೆ ಹೆಸರಿರುವುದಿಲ್ಲ, ಕೋಡ್ ನಂಬರ್ ಮಾತ್ರ. ಒಂದು ಪತ್ರಿಕೆಯಲ್ಲಿ ಪಾಯಿಂಟರ್ ಪ್ರಶ್ನೆಗೆ ಎಂಟು ಬೈಟ್ ಎಂದಿತ್ತು. ಕೆಳಗೆ ವಿಂಡೋಸ್, ಲಿನಕ್ಸ್ ಎಂದು ಅಂದವಾಗಿ ಎರಡು ಸಾಲು. ಕೊನೆಯಲ್ಲಿ ನನ್ನದೇ ಮಾತು: ಪುಸ್ತಕವನ್ನಲ್ಲ, ಯಂತ್ರವನ್ನು ಕೇಳಬೇಕು. ಬರೆದವರು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಉತ್ತರಸೂಚಿಯಲ್ಲಿ ಎರಡು ಎಂದಿತ್ತು. ಮೇಲ್ವಿಚಾರಕರಿಗೆ ತೋರಿಸಿದೆ.

"ಸ್ಕೀಮಲ್ಲಿ ಏನಿದ್ಯೋ ಅಷ್ಟು ನೋಡ್ರೀ. ನೀವ್ಯಾಕೆ ತಲೆ ಕೆಡಿಸ್ಕೋತೀರಾ" ಅಂದರು.

ಐದು ಅಂಕದ ಪ್ರಶ್ನೆಗೆ ಸೊನ್ನೆ ಹಾಕಿದೆ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಒಟ್ಟು ಕೂಡಿದಾಗ ಪಾಸಿಗೆ ಮೂರು ಕಡಿಮೆ ಬಂತು. ಆಗಲಾದರೂ ಎದ್ದು ಹೋಗಿ ವಾದಿಸಬಹುದಿತ್ತು. ಆ ಧೈರ್ಯ ನನಗಿರಲಿಲ್ಲ. ಸಹಿ ಹಾಕಿ ಮುಂದಿನ ಪತ್ರಿಕೆ ಎತ್ತಿಕೊಂಡೆ.

ಫಲಿತಾಂಶ ಬಂದ ವಾರ ಅವಳು ಸ್ಟಾಫ್‌ರೂಮಿಗೆ ಬಂದಳು.

"ಸಾರ್, ನೀವು ತೋರ್ಸಿದ್ದನ್ನೇ ಬರ್ದಿದ್ದೆ. ಯಾರು ನೋಡಿದ್ರೋ ಏನೋ. ರೀವ್ಯಾಲ್ಯುಯೇಷನ್‌ಗೆ ಹಾಕ್ಲಾ?"

ಹಾಕಿದರೆ ಅವಳು ಗೆಲ್ಲುವ ಸಾಧ್ಯತೆಯಿತ್ತು. ಪತ್ರಿಕೆಯ ಮೇಲಿನ ನನ್ನ ಸಹಿಯೂ ಹೊರಬೀಳುತ್ತಿತ್ತು.

"ಬೇಡ ಕಣಮ್ಮ, ಸುಮ್ನೆ ಟೈಮ್ ವೇಸ್ಟು. ಇನ್ನೊಂದ್ಸಲ ಬರ್ದ್ಬುಡು" ಅಂದೆ.

ಅವಳು ತಲೆಯಾಡಿಸಿ ಹೋದಳು. ಹೆಬ್ಬಾಳದ ಕೆಲಸ ಬೇರೆಯವರ ಪಾಲಾಯಿತು. ಆ ದಿನಗಳಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಆದರೂ ದಿನವೂ ಹೋಗಿ ಅದೇ ನೀಲಿ ಪರದೆಯ ಮುಂದೆ ಪಾಠ ಮಾಡಿದೆ.

ಆರು ತಿಂಗಳ ಮೇಲೆ ಅವಳು ಪಾಸಾಗಿ, ಪೇಡ ಹಿಡಿದು ಬಂದಳು.

"ಈ ಸಲ ರಿಸ್ಕ್ ತಗೊಳ್ಲಿಲ್ಲ ಸಾರ್. ಎರಡು ಬೈಟ್ ಅಂತ್ಲೇ ಬರ್ದೆ" ಅಂದಳು.

ಒಂದು ಪೇಡ ಬಾಯಿಗೆ ಹಾಕಿಕೊಂಡು, "ಒಳ್ಳೇದಾಯ್ತು ಕಣಮ್ಮ" ಅಂದೆ.