ಅಜ್ಜಿಯ ಸುರದ ಡಬ್ಬಿ

ಹಾನಗಲ್ಲಿನ ನಮ್ಮ ಓಣಿಗೆ ಟೀವಿ ಇನ್ನೂ ಬಂದಿರಲಿಲ್ಲ. ಬೆಳಗಾಯಿತೆಂದರೆ ಹಂಡೆಯೊಲೆಯ ಹೊಗೆ, ಅದರ ಹಿಂದೆಯೇ ಅಜ್ಜಿಯ ಹಾಡು. ಎಂಬತ್ತರ ದಶಕದ ಆ ಚಳಿಗಾಲದಲ್ಲಿ ದೇವರಕೋಣೆಯ ಮುಂದೆ ಮೂವರು ಕೂತಿದ್ದೆವು: ಅಜ್ಜಿ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದಿದ್ದ ಅವಳ ಕಿರಿಮಗ ನನ್ನ ಕಾಕಾ, ಹನ್ನೊಂದು ವರ್ಷದ ಹುಡುಗಿ ನಾನು. ಅಮ್ಮ ಒಲೆಯ ಹತ್ತಿರ. ನಡುವೆ, ಇಲಿ ಕಡಿದು ತಿದಿ ಹರಿದ ಹಾರ್ಮೋನಿಯಂ.

ಇನ್ನೊಂದು ವಾರಕ್ಕೆ ಧನುರ್ಮಾಸ. ತಿಂಗಳಿಡೀ ಹೊತ್ತು ಹುಟ್ಟುವ ಮೊದಲೇ ಅಜ್ಜಿ ದೇವರ ಮುಂದೆ ಹಾಡುತ್ತಿದ್ದಳು. ಅದಕ್ಕೆ ಶ್ರುತಿಯಾಗಿ ಸುರ ಹಿಡಿದುಕೊಡಲು ಏನಾದರೂ ಬೇಕು.

"ಈ ವರ್ಷ ಬ್ಯಾಡ ಬಿಡೋ. ಆಧಾರ ಇಲ್ದ ದನಿ ಎತ್ತಾಗರೆ ಹೋಗ್ತದ," ಅಂದಳು.

ಕಾಕಾ ಕಿಸೆಯಿಂದ ಬೆಳ್ಳಿಕಾಗದದ ಪೊಟ್ಟಣ ತೆಗೆದ. ಒಳಗೆ ಹದಿನಾಲ್ಕು ಕಾಲಿನ ಎರಡು ಕರಿ ಲಾಜಿಕ್ ಚಿಪ್ಪು, ಜರಿಹುಳದ ಮರಿಗಳ ಹಾಗೆ.

"ಇದಕ್ಕ ಹೌದು, ಅಲ್ಲ, ಎರಡ ಮಾತು ಗೊತ್ತವ್ವಾ. ಅವನ್ನ ಭರಾಭರಾ ಅನಿಸಿದ್ರ ಸುರ ಹೊಂಡತದ."

"ಹೌದು, ಅಲ್ಲ ಅನ್ನೋದು ನಿಮ್ಮಪ್ಪಗೂ ಬರ್ತಿತ್ತು. ಒಂದಿನಾನೂ ಸುರ ಹೊಂಡಲಿಲ್ಲ."

ಕಾಕಾ ವಾರವಿಡೀ ಬೆಸುಗೆ ಹಾಕಿದ. ಮನೆಯೆಲ್ಲ ರಾಳ ಸುಟ್ಟ ವಾಸನೆ. ಕೆಟ್ಟ ರೇಡಿಯೋದ ಸ್ಪೀಕರ್ ಕುಂಕುಮದ ಹಳೆಯ ಡಬ್ಬಿಯೊಳಗೆ ಕೂತಿತು. ಸುರ ಏರಿಸಿ ಇಳಿಸುವ ಗುಂಡಿ ನನ್ನ ಸುಪರ್ದಿಗೆ. ಧನುರ್ಮಾಸದ ಹಿಂದಿನ ದಿನ ಎರಡರಲ್ಲಿ ಒಂದು ಚಿಪ್ಪು ಕೂಡಿಸುವುದಷ್ಟೇ ಉಳಿದಿತ್ತು.

"ದೇವರ ಮುಂದ ಇಡೋ ಸಾಮಾನು. ಮಡೀಲೇ ಕೂಡಿಸು," ಅಂದಳು ಅಜ್ಜಿ.

ಕಾಕಾ ಸ್ನಾನ ಮಾಡಿ, ಮಡಿಗೆಂದೇ ಇಟ್ಟಿದ್ದ ಉಣ್ಣೆಯ ಧಾಬಳಿ ಉಟ್ಟು ಬಂದ. ಚಿಪ್ಪು ಎತ್ತಿಕೊಂಡಾಗ ಬೆರಳ ತುದಿಯಲ್ಲಿ ಚಟ್ ಅಂದಿತು. ಕೂಡಿಸಿ ಸೆಲ್ ಹಾಕಿದರೆ ಸದ್ದೇ ಇಲ್ಲ. ಅವನು ಧಾಬಳಿಯ ಅಂಚನ್ನು ನನ್ನ ತೋಳಿನ ಹತ್ತಿರ ತಂದ. ಕೂದಲೆಲ್ಲ ಎದ್ದು ನಿಂತವು. ಒಣ ಚಳಿಯಲ್ಲಿ ಉಣ್ಣೆಯೊಳಗೆ ಹುಟ್ಟಿದ ಕರೆಂಟು ಚಿಪ್ಪನ್ನು ಕೊಂದಿತ್ತು.

"ಧಾಬಳಿ ಉಟ್ಕೊಂಡು ಇನ್ನೊಂದು ಮುಟ್ಟೂದಿಲ್ಲ ನಾ."

"ಮೈಲಿಗಿ ಕೈಲೆ ಮಾಡಿದ್ದು ನನಗ ಬ್ಯಾಡ."

ತಾಯಿ ಮಗ ಇಬ್ಬರೂ ಬಗ್ಗುವವರಲ್ಲ. ಉಳಿದದ್ದು ಒಂದೇ ಚಿಪ್ಪು. ಬೆಳಗಾದರೆ ಧನುರ್ಮಾಸ. ನಾನು ಮೆಲ್ಲಗೆ ಕೇಳಿದೆ, "ಒದ್ದಿ ಪಂಜಿನೂ ಮಡೀನ ಅಲ್ಲೇನಜ್ಜಿ?"

ಅಜ್ಜಿ ನನ್ನನ್ನೇ ನೋಡಿದಳು. "ಹೌದಲಾ. ಒದ್ದಿ ಅರವಿ ಎಲ್ಲಾಕಿಂತ ಹೆಚ್ಚಿನ ಮಡಿ."

"ಒದ್ದಿ ಅರವ್ಯಾಗ ಕರೆಂಟು ಹುಟ್ಟೂದಿಲ್ಲ, ಖರೆ. ಆದ್ರ ಈ ಥಂಡ್ಯಾಗ ಸಾಯಸ್ತೀ ನನ್ನ," ಎನ್ನುತ್ತ ಕಾಕಾ ಬಾವಿಗೆ ಹೋದ. ತೊಟ್ಟಿಕ್ಕುವ ಪಂಜೆಯಲ್ಲಿ ಹಲ್ಲು ಕಟಕಟಿಸುತ್ತ, ಕೈಯೊಂದನ್ನೇ ಒರೆಸಿಕೊಂಡು, ಕೊನೆಯ ಚಿಪ್ಪನ್ನು ಒತ್ತಿದ. ಡಬ್ಬಿಯೊಳಗೆ ದುಂಬಿಯೊಂದು ಸಿಕ್ಕಿಕೊಂಡಂತೆ ಗುಂಯ್ ಎಂದಿತು. ಅಜ್ಜಿ ಕಣ್ಣು ಮುಚ್ಚಿದಳು.

"ಏರಸು. ಇನ್ನಷ್ಟು. ಹಾಂ, ಕೂದಲೆಳಿಯಷ್ಟು ಇಳಸು."

ನಾನು ಗುಂಡಿ ತಿರುಗಿಸಿದೆ. ಅವಳ ದನಿ ಬಂದು ಅದರ ಮೇಲೆ ಕೂತಿತು.

ತಿಂಗಳ ಕೊನೆಗೆ ಸೆಲ್ ಸೋತು ಸುರ ಜಾರತೊಡಗಿದಾಗ ಅಜ್ಜಿ, "ಪಾಪ, ಹೊಟ್ಟಿ ಹಸದದ ಅದಕ್ಕ," ಎಂದು ತಾನೂ ಅದರ ಜೊತೆ ಇಳಿದು ಹಾಡಿದಳು. ಹಾಡು ಮುಗಿದರೆ ಮೆಣಸು ತುಪ್ಪದ ಬಿಸಿ ಹುಗ್ಗಿ. ಈಗ ಫೋನಿನಲ್ಲಿ ಬೇಕಾದ ಸುರ ಸಿಗುತ್ತದೆ, ಥಂಡಿಗೂ ಹಸಿವೆಗೂ ಅಲುಗದ ಸುರ. ಒಂದೊಂದೇ ಒತ್ತಿ ನೋಡಿದ್ದೇನೆ. ಅಜ್ಜಿಯದು ಯಾವುದೆಂದು ಗೊತ್ತಾಗುವುದಿಲ್ಲ.

ಆ ಡಬ್ಬಿ ನಾಲ್ಕು ಧನುರ್ಮಾಸ ಅವಳಿಗೆ ಆಧಾರವಾಯಿತು. ಐದನೆಯದಕ್ಕೆ ಅವಳಿರಲಿಲ್ಲ. ಮೊದಲ ಬೆಳಗು ಕಾಕಾ ಹೊಸ ಸೆಲ್ ಹಾಕಿ ಡಬ್ಬಿ ಹಚ್ಚಿದ. ಅಮ್ಮ ಕೈ ಒರೆಸಿಕೊಂಡು ಬಂದು ಕೂತಳು. ಅಜ್ಜಿಯ ಸುರ ಅವಳ ದನಿಗೆ ಎತ್ತರವಾಯಿತು. "ಸ್ವಲ್ಪ ಇಳಸವ್ವಾ," ಅಂದಳು. ನಾನು ಗುಂಡಿ ಇಳಿಸಿದೆ. ಮೊದಲು ಅದು ಎಲ್ಲಿ ನಿಂತಿತ್ತೆಂದು ಒಂದು ಗೆರೆ ಎಳೆದಿಡುವುದು ನಮಗ್ಯಾರಿಗೂ ಹೊಳೆಯಲಿಲ್ಲ.