ನೆಂಟರಿಗೆ ಹೇಳದೆ ಮಲ್ಪೆಗೆ

ಮರಾಠಿ ನಾಡಿನ ಐರೋಲಿಯಲ್ಲಿ ಸಂಸಾರ ಹೂಡಿದ ಜಲಜಾಕ್ಷಿಗೆ ಊರೆಂದರೆ ಊಟ. ಮದುವೆಯಾದ ಲಾಗಾಯ್ತು ಪ್ರತಿ ಮೇ ತಿಂಗಳು ಠಾಣೆಯಲ್ಲಿ ರೈಲು ಹತ್ತಿ ಉಡುಪಿಯಲ್ಲಿ ಇಳಿದವಳು, ಮರಳಿ ರೈಲು ಹತ್ತುವವರೆಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದದ್ದೇ ಹೋದದ್ದು. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರದನ್ನು ಬಿಟ್ಟರೆ ಮುಗಿಯಿತು. ಆ ಮುನಿಸು ಮುಂದಿನ ಮದುವೆಯವರೆಗೂ ಇಳಿಯುವುದಿಲ್ಲ. ಹೋದಲ್ಲೆಲ್ಲ ಬೆಲ್ಲ, ನೀರು, ಬಾಳೆಲೆ, ಬೇಡವೆಂದರೂ ಬೀಳುವ ಪಾಯಸ.

ಗಂಡನ ಅಕ್ಕ ವನಮಾಲಾ ಇರುವುದು ಕೊಡವೂರಿನಲ್ಲಿ. ಅಲ್ಲಿಂದ ಮಲ್ಪೆಯ ಕಡಲು ಹತ್ತಿರವೇ, ಕಡಲಿಗಿಳಿದು ದೋಣಿ ಹತ್ತಿದರೆ ದ್ವೀಪ. ಜಲಜಾಕ್ಷಿ ಅದನ್ನು ಒಮ್ಮೆಯೂ ನೋಡಿದವಳಲ್ಲ. ಪಕ್ಕದ ಫ್ಲ್ಯಾಟಿನ ಮರಾಠಿ ಹೆಂಗಸು ಹೋಗಿಬಂದು ಮೊಬೈಲಿನಲ್ಲಿ ಫೋಟೋ ತೋರಿಸಿ, "ತುಮ್ಚಂಚ್ ಗಾವ್ ನಾ?", ನಿಮ್ಮದೇ ಊರಲ್ಲವಾ, ಎಂದು ಕೇಳಿದಳು. ಜಲಜಾಕ್ಷಿ ಹೌದೆಂದಳು. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು. ಅವಳಿಗೆ ನಾಚಿಕೆಯೂ ಆಗಿತ್ತು, ಸಿಟ್ಟೂ ಬಂದಿತ್ತು.

ಗಂಡ ಲೀಲಾಧರ ಐರೋಲಿಗೆ ಹತ್ತಿರದ ಕೋಪರಖೈರಣೆಯಲ್ಲಿದ್ದ ತನ್ನ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ ಅವಳು ಬಾಯಿಬಿಟ್ಟಳು.

"ಒಮ್ಮೆ ಆ ದ್ವೀಪ ನೋಡ್ಬೇಕು ಮಾರಾಯ್ರೆ. ಇನ್ನೊಂದು ವರ್ಷ ಹೋದ್ರೆ ನನ್ನ ಮಂಡಿ ದೋಣಿ ಹತ್ಲಿಕ್ಕೆ ಬಿಡುದಿಲ್ಲ."

"ಅಕ್ಕನ ಮನೆಗೆ ಹೋಗದೆ ಮಲ್ಪೆಗಾ? ನನ್ನ ಕಥೆ ಮುಗೀತು," ಎಂದ ಲೀಲಾಧರ. ಹೋಟೆಲಿನಲ್ಲಿ ಗಿರಾಕಿಗಳ ಗಲಾಟೆಗೆಲ್ಲ ಜಗ್ಗದ ಆಸಾಮಿ ಅಕ್ಕನ ಹೆಸರೆತ್ತಿದರೆ ಸಾಕು, ಮೆತ್ತಗಾಗುತ್ತಿದ್ದ.

ದಾರಿ ತೋರಿಸಿದವಳು ಮಗಳು ಸೋನಾಲಿ. ಕನ್ನಡ, ತುಳು ಎಲ್ಲ ಅರ್ಥವಾದರೂ ಉತ್ತರ ಮಾತ್ರ ಹಿಂದಿಯಲ್ಲೇ ಕೊಡುವವಳು. "ಇಸ್ ಬಾರ್ ಟೂರಿಸ್ಟ್ ಬನ್‌ಕೆ ಜಾವ್, ಮೆಹ್ಮಾನ್ ನಹೀ," ಈ ಸಲ ನೆಂಟರಾಗಿ ಬೇಡ, ಪ್ರವಾಸಿಗಳಾಗಿ ಹೋಗಿ ಎಂದು ಹೇಳಿ, ಮಲ್ಪೆಯಲ್ಲೊಂದು ಲಾಡ್ಜು ಬುಕ್ ಮಾಡಿಯೇಬಿಟ್ಟಳು.

ಹೀಗೆ ಡಿಸೆಂಬರಿನಲ್ಲಿ ಗಂಡಹೆಂಡತಿ ಕದ್ದುಮುಚ್ಚಿ ಸ್ವಂತ ಊರಿಗೆ ಹೋದರು. ಮೊದಲ ದಿನ ಮರವಂತೆ ನೋಡಿದರು. ರಸ್ತೆಯ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು. ಯಾರೂ ಪಾಯಸ ಬಡಿಸಲಿಲ್ಲ. ಲೀಲಾಧರ ಎಳನೀರು ಕೊಡಿಸಿದ. ಇಬ್ಬರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಾಗ ಜಲಜಾಕ್ಷಿಗೆ ಗಂಡನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು.

ಮರುದಿನ ಮಲ್ಪೆಯಲ್ಲಿ ದೋಣಿಯ ಸಾಲಿನಲ್ಲಿ ನಿಂತಿದ್ದಾಗ ಲೀಲಾಧರನ ಫೋನು ರಿಂಗಾಯಿತು. ಅಕ್ಕ! ಹಪ್ಪಳ ಕಳಿಸಲೋ ಬೇಡವೋ ಎಂದು ಕೇಳಲು ಮಾಡಿದ್ದಳು.

"ಎಲ್ಲಿದ್ದೀ?"

"ಮನೆಯಲ್ಲೇ ಅಕ್ಕಾ, ಐರೋಲಿಯಲ್ಲಿ."

ಅದೇ ಹೊತ್ತಿಗೆ ಬೆನ್ನ ಹಿಂದಿನ ಮೈಕು ಗಂಟಲು ಹರಿದುಕೊಂಡಿತು: "ಮಲ್ಪೆ ದ್ವೀಪಕ್ಕೆ ಹೋಗುವವರು ಬೇಗ ಬನ್ನಿ!"

ಆ ಕಡೆಯಿಂದ ಅಕ್ಕ ದನಿ ಏರಿಸಿದಳು. "ಐರೋಲಿಗೆ ಮಲ್ಪೆಯ ದ್ವೀಪ ಯಾವಾಗ ಬಂತು ಮಾರಾಯಾ? ಇಬ್ರೂ ಅಲ್ಲೇ ನಿಲ್ಲಿ, ನಾನು ಬಂದೆ. ದೋಣಿ ಹತ್ತಿದ್ರೆ ಜಾಗ್ರತೆ!"

ಲೀಲಾಧರನ ಮುಖ ಬಿಳುಚಿಕೊಂಡಿತು. ಜಲಜಾಕ್ಷಿಗೆ ಅಳುವೇ ಬಂತು. ದ್ವೀಪ ಕಣ್ಣಿಗೆ ಕಾಣುತ್ತಿದೆ. ಇನ್ನು ಕೊಡವೂರಿನ ಚಾವಡಿ, ಬೆಲ್ಲ, ನೀರು, ಬೈಗುಳ. ಒಂದು ದೋಣಿ ತುಂಬಿಕೊಂಡು ಹೋಯಿತು. ಇನ್ನೊಂದೂ ಹೋಯಿತು.

ಕೊನೆಗೆ ರಿಕ್ಷಾ ಬಂದು ನಿಂತಿತು. ವನಮಾಲಕ್ಕ ಮದುವೆಗೆ ಉಡುವ ಸೀರೆಯುಟ್ಟು ಇಳಿದಳು. ಬೈಯುತ್ತಾಳೆಂದು ಇಬ್ಬರೂ ತಲೆ ತಗ್ಗಿಸಿದರು.

"ಟಿಕೆಟ್ ಆಯ್ತಾ? ನನಗೂ ಒಂದು ತೆಗಿ," ಎಂದಳು ಅಕ್ಕ. ಜಲಜಾಕ್ಷಿ ಬಾಯಿ ತೆರೆದು ನೋಡಿದಾಗ ಅಕ್ಕನ ದನಿ ಇಳಿಯಿತು. "ಎಂಥ ನೋಡ್ತಿ? ನಾನೂ ಹೋದವಳಲ್ಲ. ರಜೆ ಬಂದ್ರೆ ನೀವೆಲ್ಲ ಬರ್ತೀರಿ, ಅಡುಗೆ ಆಗ್ಬೇಕು. ನೀವು ಹೋದ ಮೇಲೆ ಮಳೆ ಹಿಡಿತದೆ, ದೋಣಿ ಬಂದ್."

ತನ್ನ ರಜೆಯನ್ನೆಲ್ಲ ನುಂಗಿದ್ದು ಈ ಅತ್ತಿಗೆಯ ಊಟ ಎಂದು ಜಲಜಾಕ್ಷಿ ಬೈದುಕೊಂಡಿದ್ದಳು. ಆ ಊಟ ಬೇಯಿಸುತ್ತ ಅತ್ತಿಗೆಯೂ ಒಲೆಯ ಮುಂದೆಯೇ ಉಳಿದಿದ್ದಳು. ಜಲಜಾಕ್ಷಿ ಅತ್ತಿಗೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದ್ವೀಪದ ಕರಿಬಂಡೆಗಳ ನಡುವೆ ಇಬ್ಬರೂ ಸೀರೆ ಎತ್ತಿಕಟ್ಟಿ ನೀರಿಗಿಳಿದರು. ಅಲೆ ಬಂದಾಗಲೆಲ್ಲ ವನಮಾಲಕ್ಕ ಕಿರುಚುವುದು, ದಡದಲ್ಲಿ ಚಪ್ಪಲಿ ಕಾಯುತ್ತ ಲೀಲಾಧರ ನಗುವುದು. ಜಲಜಾಕ್ಷಿ ಗಂಡನಿಗೂ ಅತ್ತಿಗೆಗೂ ಕೈಕೊಡದ ಮಂಡಿಗೂ ಮನಸ್ಸಿನಲ್ಲೇ ನಮಸ್ಕಾರ ಹೇಳಿದಳು.

"ಐರೋಲಿಯಲ್ಲಿ ನೋಡ್ಲಿಕ್ಕೆ ಎಂಥ ಉಂಟು?" ಅತ್ತಿಗೆ ಕೇಳಿದಳು.

"ಅಲ್ಲಿಯ ಖಾಡಿಗೆ, ನಮ್ಮ ಅಳಿವೆಯ ಹಾಗೆ ಅದು, ಚಳಿಗಾಲದಲ್ಲಿ ಫ್ಲೆಮಿಂಗೋ ಹಕ್ಕಿ ಬರ್ತವೆ ಅತ್ತಿಗೆ. ದೋಣಿಯಲ್ಲಿ ಕರ್ಕೊಂಡು ಹೋಗಿ ತೋರಿಸ್ತಾರಂತೆ."

"ಅಂತೆಯಾ? ನೀನು ನೋಡ್ಲಿಲ್ವಾ?"

ಜಲಜಾಕ್ಷಿ ನಾಲಿಗೆ ಕಚ್ಚಿಕೊಂಡಳು. ಐರೋಲಿಯ ಮನೆಗೂ ನೆಂಟರು ಬಂದದ್ದೇ ಬಂದದ್ದು. ಅವಳೂ ಬೇಯಿಸಿ ಹಾಕಿದ್ದೇ ಹಾಕಿದ್ದು.

ಫೆಬ್ರವರಿಯಲ್ಲಿ ವನಮಾಲಕ್ಕ ಹಪ್ಪಳದ ಕಟ್ಟು ಹಿಡಿದು ಐರೋಲಿಗೆ ಬಂದಿಳಿದಳು. ಜಲಜಾಕ್ಷಿ ಅವಳ ಕೈಗೆ ಬೆಲ್ಲ, ನೀರು ಕೊಟ್ಟಳು. ಅಡುಗೆ ಮಾಡಲಿಲ್ಲ. ಗ್ಯಾಸು ಬಂದ್ ಮಾಡಿ, ಬಾಗಿಲಿಗೆ ಬೀಗ ಹಾಕಿ, ಅತ್ತಿಗೆಯನ್ನು ಖಾಡಿಯ ದೋಣಿಗೆ ಕರೆದುಕೊಂಡು ಹೋದಳು.